ಹೆಗಲಿಗೊಪ್ಪುವ ಕೋವಿ

ಗುಂಡ್ಲುಪೇಟೆ ತಾಲ್ಲೂಕಿನ ತೆಂಕಣ ಅಂಚಿನಲ್ಲಿ ಹೊಲ ಮುಗಿದಲ್ಲಿಯೇ ಕಾಡು ಮೊದಲಾಗುತ್ತದೆ. ಚಾಮರಾಜನಗರದ ಮೂಡಣದಲ್ಲಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಸ್ಥಿತಿಯೂ ಇದೇ. ಜೋಳ ತೆನೆಗಟ್ಟುವ ಕಾಲದಲ್ಲಿ ಇಲ್ಲಿಯ ರೈತನು ಅಟ್ಟಣೆಯ ಮೇಲೆ ಕುಳಿತು ರಾತ್ರಿ ಕಳೆಯುವುದು ಹೊಸದೇನಲ್ಲ. ಕಾಡುಹಂದಿ ಮತ್ತು ಆನೆಗಳನ್ನು ತಡೆಯಲು ಕಂದಕ, ಸೌರಬೇಲಿ, ರೈಲುಹಳಿಯ ತಡೆ ಮೊದಲಾದುವು ಬಂದಿದ್ದರೂ, ಪರವಾನಗಿ ಪಡೆದ ಕೋವಿಯೊಂದು ಕೆಲವು ಮನೆಗಳಲ್ಲಿ ಇನ್ನೂ ಉಂಟು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ, ಆತ್ಮರಕ್ಷಣೆ ಹಾಗೂ ಕ್ರೀಡೆಗಾಗಿ ೨೦ ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ ಹೆಸರಿಸಿಯೇ ಹೇಳುತ್ತದೆ. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕಾಡುಪ್ರಾಣಿಯನ್ನು ಬೇಟೆಯಾಡುವುದು ಅಪರಾಧ. ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಆದುದರಿಂದ ಅಟ್ಟಣೆಯ ಕೋವಿಯ ಮುಖ್ಯ ಕೆಲಸ ಸದ್ದು ಮಾಡುವುದು.

ಈ ಕೋವಿಯನ್ನು ಹಿಡಿದವರನ್ನು ಕೇಳಿದರೆ ಒಂದು ವಿಚಿತ್ರವಾದ ಸಂಗತಿ ತಿಳಿದುಬರುತ್ತದೆ. ಅದೇ ಕೋವಿ, ಅದೇ ತೋಟಾ. ಅಣ್ಣನು ಹಾರಿಸಿದರೆ ಏನೂ ಆಗುವುದಿಲ್ಲ, ತಮ್ಮನು ಹಾರಿಸಿದರೆ ಹೆಗಲು ಕಪ್ಪಿಡುತ್ತದೆ. 'ಕೋವಿ ಒದೆಯಿತು' ಎಂದು ಅವನು ಹೇಳುತ್ತಾನೆ. ಕೋವಿಗೆ ಪಕ್ಷಪಾತವಿಲ್ಲವಷ್ಟೆ! ಹಾಗಾದರೆ ಈ ವ್ಯತ್ಯಾಸ ಎಲ್ಲಿಯದು?

ಮೊದಲು ಒದೆತವನ್ನೇ ಲೆಕ್ಕ ಮಾಡಿ ನೋಡೋಣ. ಪ್ರೌಢಶಾಲೆಯಲ್ಲಿ ಕಲಿತ ನ್ಯೂಟನ್ನನ ಮೂರನೆಯ ನಿಯಮವೇ ಇದಕ್ಕೆ ಸಾಕು. ಸಾಮಾನ್ಯವಾದ ೧೨ ಬೋರಿನ ತೋಟಾ ಒಂದರಲ್ಲಿ ೩೨ ಗ್ರಾಂ ಸೀಸದ ಚರೆ ಇರುತ್ತದೆಂದೂ, ಚರೆಯ ಹಿಂದಿನ ಅಡಕು ೩ ಗ್ರಾಂ ಎಂದೂ ಇಟ್ಟುಕೊಳ್ಳೋಣ. ಇವು ಸೆಕೆಂಡಿಗೆ ಸುಮಾರು ೩೭೦ ಮೀಟರ್ ವೇಗದಿಂದ ಹೊರಬೀಳುತ್ತವೆ. ರಾಶಿಯನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗವು ಸುಮಾರು ೧೩ ಮಾನ. ಮದ್ದು ಉರಿದುಂಟಾದ ಅನಿಲವೂ ನುಗ್ಗಿ ಹೊರಬರುವುದರಿಂದ ಇನ್ನೊಂದು ಮಾನ ಸೇರಿಸಿ ೧೪ ಎನ್ನೋಣ. ಇಷ್ಟೇ ಸಂವೇಗವನ್ನು ಕೋವಿಯು ಹಿಮ್ಮುಖವಾಗಿ ಪಡೆಯಲೇಬೇಕು. ಕೋವಿಯ ತೂಕ ೩.೨ ಕಿಲೋಗ್ರಾಂ ಆಗಿದ್ದರೆ ಅದರ ವೇಗ ಸೆಕೆಂಡಿಗೆ ೪.೪ ಮೀಟರ್. ಒಂದು ಮೀಟರ್ ಎತ್ತರದಿಂದ ಬಿಟ್ಟ ವಸ್ತುವು ನೆಲ ಮುಟ್ಟುವಾಗ ಪಡೆಯುವ ವೇಗವೂ ಇಷ್ಟೇ. ಅಂಗಾತ ಮಲಗಿದವನ ಹೆಗಲಿನ ಮೇಲೆ ಯಾರೋ ಒಂದು ಮೀಟರ್ ಮೇಲಿನಿಂದ ಕೋವಿಯನ್ನು ನೆಟ್ಟಗೆ ಬಿಟ್ಟರೆ ಏನಾಗುವುದೋ, ಪ್ರತಿಯೊಂದು ಈಡಿನಲ್ಲಿಯೂ ಅದೇ ಆಗುತ್ತದೆ. ಅದರ ಚಲನಶಕ್ತಿ ಸುಮಾರು ೩೧ ಜೌಲ್.

ಈಗ ಕೋವಿಯನ್ನು ಹಗುರ ಮಾಡೋಣ. ಹೊತ್ತು ತಿರುಗಲು ಸುಲಭವೆಂದು ೨.೬ ಕಿಲೋಗ್ರಾಂನ ಕೋವಿಯನ್ನು ಆರಿಸಿದರೆ, ಅದೇ ತೋಟಾ ಅದಕ್ಕೆ ೫.೪ ಮೀಟರ್ ವೇಗವನ್ನೂ ಸುಮಾರು ೩೮ ಜೌಲ್ ಶಕ್ತಿಯನ್ನೂ ಕೊಡುತ್ತದೆ. ಅಂಗಡಿಯಲ್ಲಿ ಕೈಗೆ ಹಿತವೆನಿಸಿದ ಕೋವಿಯು ಹೆಗಲಿಗೆ ಅಹಿತವಾಗುವ ಬಗೆ ಇದು. ಇದಕ್ಕೆ ಪ್ರತಿಯಾಗಿ ಕೋವಿಯನ್ನು ಹಾಗೆಯೇ ಇಟ್ಟು ತೋಟಾ ಬದಲಾಯಿಸೋಣ. ೩೨ ಗ್ರಾಂ ಚರೆಗೆ ಬದಲು ಒಲಿಂಪಿಕ್ ಸ್ಪರ್ಧೆಗಳಲ್ಲಿ ಬಳಸುವಂತಹ ೨೪ ಗ್ರಾಂನ ತೋಟಾ ಹಾಕಿದರೆ, ಅದೇ ವೇಗಕ್ಕೆ, ೩.೨ ಕಿಲೋಗ್ರಾಂನ ಕೋವಿಯ ಒದೆತವು ಸುಮಾರು ೧೮ ಜೌಲಿಗೆ ಇಳಿಯುತ್ತದೆ. ಚರೆ ಕಡಮೆಯಾದದ್ದು ನಾಲ್ಕರಲ್ಲೊಂದು ಪಾಲು. ಒದೆತ ಕಡಮೆಯಾದದ್ದು ಹೆಚ್ಚುಕಡಮೆ ಐದರಲ್ಲೆರಡು ಪಾಲು! ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಈ ಲಾಭ. ಒದೆತಕ್ಕೆ ಅಂಜುವವರು ಹೊಸ ಕೋವಿಗಾಗಿ ಹಣ ಕೂಡಿಸುವ ಮೊದಲು ತೋಟಾದ ಡಬ್ಬಿಯ ಮೇಲಿನ ಅಂಕಿಗಳನ್ನು ಓದುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪ್ರಸಿದ್ಧ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರನ ಹೆಸರಿನಲ್ಲಿ ಒಂದು ಹಳೆಯ ಸೂತ್ರವುಂಟು: ಕೋವಿಯ ತೂಕವು ಚರೆಯ ತೂಕದ ೯೬ ಪಟ್ಟು ಇರಬೇಕು. ೩೨ ಗ್ರಾಂ ಚರೆಗೆ ಇದು ೩ ಕಿಲೋಗ್ರಾಂಗೆ ತುಸು ಮೇಲಾಗುತ್ತದೆ. ಈ ಸೂತ್ರದ ಮಹತ್ವವನ್ನು ಅರಿಯಲು ನಮ್ಮ ಸೀಮೆಯದೇ ಒಂದು ನಿದರ್ಶನ ಸಿಕ್ಕುತ್ತದೆ. ೧೮೭೪ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿಸಿದ ಜಿ. ಪಿ. ಸ್ಯಾಂಡರ್ಸನ್ನನು ಆನೆಯಂತಹ ಪ್ರಾಣಿಗಳಿಗೆ ೪ ಬೋರಿನ ಕೋವಿಯನ್ನು ಬಳಸುತ್ತಿದ್ದನು. ಬೋರ್ ಎಂಬುದು ಒಂದು ಪೌಂಡ್ ಸೀಸದಿಂದ ನಳಿಗೆಯ ಅಳತೆಯ ಎಷ್ಟು ಗುಂಡುಗಳಾಗುತ್ತವೆಂಬ ಲೆಕ್ಕ. ೧೨ ಬೋರಿನ ಗುಂಡು ಸುಮಾರು ೩೮ ಗ್ರಾಂ, ನಳಿಗೆಯ ವ್ಯಾಸ ೧೮.೫ ಮಿಲಿಮೀಟರ್, ೪ ಬೋರಿನ ಗುಂಡಾದರೋ ೧೧೩ ಗ್ರಾಂ, ವ್ಯಾಸ ೨೬.೭ ಮಿಲಿಮೀಟರ್. ಅಂಕಿ ಕಿರಿದಾದಷ್ಟೂ ಕೋವಿ ಹಿರಿದು. ಗ್ರೀನರನ ಸೂತ್ರವನ್ನು ಇಲ್ಲಿಗೂ ಅನ್ವಯಿಸಿದರೆ ೪ ಬೋರಿನ ಕೋವಿಯ ತೂಕ ಸುಮಾರು ೧೧ ಕಿಲೋಗ್ರಾಂ ಆಗಬೇಕಾಗುತ್ತದೆ! ಅದನ್ನು ಹೊರಲು ಒಬ್ಬ ಆಳು ಬೇರೆ ಬೇಕಾಗುತ್ತಿದ್ದುದರಲ್ಲಿ ಸೋಜಿಗವೇನು?

ಇಷ್ಟಾದರೂ ಅಣ್ಣತಮ್ಮಂದಿರ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಕೋವಿಯೂ ತೋಟಾವೂ ಒಂದೇ ಆದಾಗ ೩೧ ಜೌಲ್ ಇಬ್ಬರಿಗೂ ಒಂದೇ. ವ್ಯತ್ಯಾಸವಿರುವುದು ಅದನ್ನು ಸ್ವೀಕರಿಸುವ ರೀತಿಯಲ್ಲಿ. ಕೋವಿಯ ಹಿಡಿಮರದ ಹಿಂತುದಿಯು ಹೆಗಲಿನ ಗುಳಿಯಲ್ಲಿ ಪೂರ್ಣವಾಗಿ ಕೂತರೆ ಸುಮಾರು ೫೦ ಚದರ ಸೆಂಟಿಮೀಟರ್ ಸ್ಥಳದ ಮೇಲೆ ಬಲ ಹರಡುತ್ತದೆ. ಹಿಡಿಮರ ಉದ್ದವಾಗಿದ್ದು, ಗಿಡ್ಡ ಕೈಯವನು ಅದನ್ನು ಒದ್ದಾಡಿಕೊಂಡು ತೋಳಿನ ಮೇಲಕ್ಕೆ ಏರಿಸಿದರೆ ಅದರ ಕೆಳಮೂಲೆ ಮಾತ್ರ ತಾಗುತ್ತದೆ. ತಾಗಿದ ಸ್ಥಳ ೧೦ ಚದರ ಸೆಂಟಿಮೀಟರ್ ಆದರೆ ಒತ್ತಡ ಐದು ಪಟ್ಟು. ಹೆಗಲು ಕಪ್ಪಿಡುವುದು ಈ ಒತ್ತಡಕ್ಕೆ. ಇನ್ನು, ಒದೆತಕ್ಕೆ ಹೆದರಿ ಕೋವಿಯನ್ನು ಹೆಗಲಿನಿಂದ ಬೆರಳಗಲ ದೂರ ಹಿಡಿಯುವವರೂ ಇದ್ದಾರೆ. ಇವರು ನೋವಿಗೆ ತಾವೇ ದಾರಿ ಮಾಡಿಕೊಡುತ್ತಾರೆ. ಹೆಗಲಿಗೆ ಅಪ್ಪಿಕೊಂಡ ಕೋವಿಯು ಮೊದಲ ಕ್ಷಣದಿಂದಲೇ ಮೈಯನ್ನು ತನ್ನೊಡನೆ ತಳ್ಳುತ್ತದೆ. ದೂರವಿದ್ದುದು ಪೂರ್ಣ ವೇಗ ಪಡೆದು ಸುತ್ತಿಗೆಯಂತೆ ಬಂದು ಬಡಿಯುತ್ತದೆ. ತಳ್ಳುವುದಕ್ಕೂ ಬಡಿಯುವುದಕ್ಕೂ ಇರುವ ಅಂತರ ಕಾಲದ್ದು.

ಹೀಗಿರಲು ಹಿಡಿಮರದ ಉದ್ದವು ಆಳಿಗೆ ಒಪ್ಪುವುದು ಮುಖ್ಯ. ಟ್ರಿಗರಿನಿಂದ ಹಿಂತುದಿಯವರೆಗೆ ಅಂಗಡಿಯ ಕೋವಿಗಳಲ್ಲಿ ಸಾಮಾನ್ಯವಾಗಿ ೧೪ ಅಂಗುಲದ ಆಸುಪಾಸು ಇರುತ್ತದೆ. ಮೊಣಕೈಯ ಒಳಮಡಿಕೆಯಲ್ಲಿ ಹಿಂತುದಿಯನ್ನಿಟ್ಟು ಬೆರಳು ಟ್ರಿಗರಿಗೆ ಎಟಕುವುದೋ ನೋಡುವುದು ಹಳಬರ ಪರೀಕ್ಷೆ. ಇದು ಮುಂದೋಳನ್ನು ಮಾತ್ರ ಅಳೆಯುತ್ತದೆ. ಕತ್ತಿನ ಉದ್ದ, ಎದೆಯ ಹರವು ಯಾವುದೂ ಇದರ ಲೆಕ್ಕಕ್ಕೆ ಬಾರದು. ಬರಿದಾದ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕೆನ್ನೆಯನ್ನು ಮರಕ್ಕೆ ತಾಗಿಸಿ, ಆಮೇಲೆ ಕಣ್ಣು ತೆರೆಯುವುದು ಇದಕ್ಕಿಂತ ಉತ್ತಮ. ಆಗ ಹಿಡಿ ಹಿಡಿದ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳಿನ ಅಂತರ ಉಳಿದಿರಬೇಕು. ಕಣ್ಣು ತಾನಾಗಿಯೇ ನಳಿಗೆಯ ನೇರಕ್ಕೆ ಬಂದಿರಬೇಕು.

ಕಣ್ಣಿನ ಈ ನೇರವು ಅಲಂಕಾರದ ಮಾತಲ್ಲ. ರೈಫಲಿನಲ್ಲಿ ಹಿಂದೊಂದು ಮುಂದೊಂದು ಗುರಿಕಿಂಡಿಗಳಿರುತ್ತವೆ. ಚರೆ ಕೋವಿಯಲ್ಲಿ ಸಾಮಾನ್ಯವಾಗಿ ತುದಿಯ ಮಣಿಯೊಂದೇ. ಹಿಂದಿನ ಗುರಿಯ ಕೆಲಸವನ್ನು ಕಣ್ಣೇ ಮಾಡಬೇಕು. ಕಣ್ಣಿನಿಂದ ಮಣಿಗೆ ೯೫ ಸೆಂಟಿಮೀಟರ್ ಇದ್ದು, ಕೆನ್ನೆ ತಾಗುವ ಮರದ ಎತ್ತರದಲ್ಲಿ ೩ ಮಿಲಿಮೀಟರ್ ತಪ್ಪಿದರೆ, ಸಮರೂಪ ತ್ರಿಭುಜಗಳ ನಿಯಮದಂತೆ ೩೫ ಮೀಟರ್ ದೂರದಲ್ಲಿ ಈಡು ೧೧ ಸೆಂಟಿಮೀಟರ್ ತಪ್ಪುತ್ತದೆ. ಯಾವ ಕಣ್ಣು ಪ್ರಬಲವೆಂಬುದನ್ನೂ ತಿಳಿದಿರಬೇಕು. ಇದಕ್ಕೆ ಕೋವಿ ಬೇಕಿಲ್ಲ. ಗುಂಡ್ಲುಪೇಟೆಯ ವಿದ್ಯಾರ್ಥಿಗಳು ಎರಡೂ ಕಣ್ಣು ತೆರೆದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತುದಿಗೆ ಬೆರಳು ಚಾಚಿ, ಬಳಿಕ ಒಂದೊಂದೇ ಕಣ್ಣು ಮುಚ್ಚಿ ನೋಡಲಿ. ಯಾವ ಕಣ್ಣು ತೆರೆದಿದ್ದಾಗ ಬೆರಳು ತುದಿಯ ಮೇಲೆಯೇ ನಿಲ್ಲುವುದೋ ಅದೇ ಪ್ರಬಲವಾದ ಕಣ್ಣು. ಬಲಗೈಯವರಲ್ಲಿಯೂ ಎಡಗಣ್ಣು ಪ್ರಬಲವಾಗಿರುವವರು ವಿರಳವಲ್ಲ.

ಇನ್ನು ತುಂಬುವ ವಿಷಯ. ಇದರ ಕೌಶಲವನ್ನು ಅತ್ಯಂತ ಸೂಕ್ಷ್ಮವಾಗಿ ಪರೀಕ್ಷಿಸುವವರು ನಮ್ಮ ಅಟ್ಟಣೆಯವರಲ್ಲ, ಅಮೆರಿಕದ ಒಂದು ಆಟದವರು. ಹತ್ತೊಂಬತ್ತನೆಯ ಶತಮಾನದ ದನಗಾಹಿಗಳ ವೇಷ ತೊಟ್ಟು, ಆ ಕಾಲದ ಮಾದರಿಯ ಪಿಸ್ತೂಲು, ರೈಫಲು, ಚರೆ ಕೋವಿಗಳಿಂದ ಉಕ್ಕಿನ ಗುರಿಗಳನ್ನು ಹೊಡೆಯುವ 'ಕೌಬಾಯ್' ಸ್ಪರ್ಧೆಗಳು ಅಲ್ಲಿ ೧೯೮೦ರ ದಶಕದಲ್ಲಿ ಬೆಳೆದುವು. ಇವುಗಳ ಸಂಘ ೧೯೮೭ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಹೆಚ್ಚಾಗಿ ಬಳಕೆಯಾಗುವ ಕೋವಿಗಳಲ್ಲೊಂದು, ನಮ್ಮ ಹಳ್ಳಿಗಳಲ್ಲಿಯೂ ಕಾಣುವ ಜೋಡುನಳಿಗೆಯ ಕೋವಿಯೇ. ನಿಯಮದಂತೆ ಕೋವಿಯು ಬರಿದಾಗಿ ಬಾಯ್ದೆರೆದು ಮೇಜಿನ ಮೇಲಿರಬೇಕು. ಗಡಿಯಾರ ಓಡತೊಡಗಿದ ಮೇಲೆಯೇ ತುಂಬಬೇಕು. ಆದುದರಿಂದ ಸೋಲುಗೆಲುವು ಹಾರಿಸುವುದಕ್ಕಿಂತ ತುಂಬುವುದರಲ್ಲಿಯೇ ನಿರ್ಣಯವಾಗುವುದುಂಟು.

ಎರಡು ತೋಟಾಗಳನ್ನು ಒಂದೇ ಕೈಯಲ್ಲಿ ಹಿಡಿದು ಎರಡು ಗೂಡುಗಳಿಗೆ ಒಮ್ಮೆಗೇ ಇಳಿಸುವುದು ಸುಲಭವಲ್ಲ. ತೋಟಾಗೂ ಗೂಡಿಗೂ ನಡುವಿನ ತೆರವು ಒಂದು ಮಿಲಿಮೀಟರಿಗಿಂತಲೂ ಕಡಮೆ. ೧೯೫೪ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಎಂಬಾತನು ಜನರಿಂದ ಕಡ್ಡಿಗಳನ್ನು ರಂಧ್ರಗಳಿಗೆ ಸೇರಿಸುವ ಪ್ರಯೋಗಗಳನ್ನೂ ಮಾಡಿಸಿ, ಕೈಚಲನೆಯ ಕಾಲವು ದೂರ ಹೆಚ್ಚಿದಂತೆ, ಸೇರಬೇಕಾದ ಸ್ಥಳ ಕಿರಿದಾದಂತೆ ಏರುವುದೆಂದು ತೋರಿಸಿದನು. ಈ ಆಟಗಾರರು ಗೂಡಿನ ಬಾಯಂಚನ್ನು ಕುಶಲ ಕೆಲಸಗಾರರಿಂದ ತುಸು ಹೊರಚಾಚಿ ಇಳಿಜಾರು ಮಾಡಿಸುತ್ತಾರೆ, ತೋಟಾಗಳನ್ನು ಸೊಂಟದ ಪಟ್ಟಿಯಲ್ಲಿ ಕೈಗೆ ಹತ್ತಿರವಾಗಿ ಜೋಡಿಜೋಡಿಯಾಗಿ ಇಡುತ್ತಾರೆ. ಫಿಟ್ಸನ ನಿಯಮವನ್ನು ಓದಿಯೋ ಓದದೆಯೋ ಅವರು ಅದನ್ನೇ ಪಾಲಿಸುತ್ತಿರುವರು! ಅಭ್ಯಾಸಕ್ಕೆ ಅವರು ಬಳಸುವುದು ಮದ್ದು, ಕೇಪು ಯಾವುದೂ ಇಲ್ಲದ ಪೊಳ್ಳು ತೋಟಾ. ಮೊದಲು ನಿಧಾನವಾಗಿ, ಎಣಿಸಿಕೊಂಡು. ಕೈಗೆ ದಾರಿ ತಿಳಿದ ಮೇಲೆ ವೇಗ ತಾನಾಗಿ ಬರುತ್ತದೆ. ಒಂದೇ ದಿನ ಮೂರು ಗಂಟೆ ದುಡಿಯುವುದಕ್ಕಿಂತ ದಿನಕ್ಕೆ ಹತ್ತು ನಿಮಿಷದಂತೆ ಹಂಚಿದ ಅಭ್ಯಾಸ ಹೆಚ್ಚು ನಿಲ್ಲುತ್ತದೆ. ವೀಣೆಯ ವಿದ್ಯಾರ್ಥಿಗಳಿಗೆ ಇದನ್ನು ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ ೨೧ ವರ್ಷ ತುಂಬದವರು ಕೋವಿ ಹೊಂದುವಂತಿಲ್ಲ. ನಿಯಮಬದ್ಧ ತರಬೇತಿಗೆ ಮಾತ್ರ ವಿನಾಯಿತಿ ಇರುವುದರಿಂದ, ಪೊಳ್ಳು ತೋಟಾದ ಅಭ್ಯಾಸವನ್ನೂ ತರಬೇತಿದಾರರ ಎದುರಿನಲ್ಲಿಯೇ ಮಾಡಬೇಕು.

ವೇಗವು ಆಟಕ್ಕೆ ಸಾಕು, ಅಟ್ಟಣೆಯಲ್ಲಿ ಬೇಕಾದುದು ಕ್ರಮ. ಕತ್ತಲಲ್ಲಿ ತುಂಬುವವನು ನಳಿಗೆಗಳನ್ನು ತೆರೆದೊಡನೆ ದೀಪದ ಕಡೆಗೆ ಹಿಡಿದು ಹಿಂದಿನಿಂದ ಒಳಗೆ ನೋಡಬೇಕು. ಮಣ್ಣೋ, ಅಡಕಿನ ತುಂಡೋ ಸಿಕ್ಕಿಕೊಂಡಿದ್ದರೆ ಅನಿಲದ ಒತ್ತಡ ಒಂದೆಡೆ ಕಟ್ಟಿಕೊಂಡು ನಳಿಗೆ ಒಡೆಯಬಹುದು. ಇದಕ್ಕಿಂತಲೂ ಮೋಸದ ಸಂಗತಿ ೨೦ ಬೋರಿನ ತೋಟಾದ್ದು. ಅದರ ಅಂಚಿನ ವ್ಯಾಸ ೧೯ ಮಿಲಿಮೀಟರಿಗೆ ತುಸು ಹೆಚ್ಚು. ೧೨ ಬೋರಿನ ಗೂಡಿನಲ್ಲಿ ಅದು ನುಸುಳಿಹೋಗಿ, ನಳಿಗೆ ೧೮.೫ ಮಿಲಿಮೀಟರಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಗೂಡು ಬರಿದಾಗಿಯೇ ಕಾಣುತ್ತದೆ. ಅದರ ಹಿಂದೆ ೧೨ ಬೋರಿನ ತೋಟಾ ಹಾಕಿ ಹಾರಿಸಿದರೆ ಕೋವಿ ಮಾತ್ರವಲ್ಲ, ನಳಿಗೆಯ ಕೆಳಗಿಟ್ಟ ಎಡಗೈಯೂ ಹೋದೀತು. ಈ ಕಾರಣದಿಂದಲೇ ಅಮೆರಿಕದಲ್ಲಿ ೨೦ ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ಪದ್ಧತಿಯುಂಟು. ಹಾಗೆಯೇ ೬೫ ಮಿಲಿಮೀಟರಿನ ಗೂಡಿರುವ ಹಳೆಯ ಕೋವಿಗೆ ೭೦ ಮಿಲಿಮೀಟರಿನ ತೋಟಾ ಸಲ್ಲದು. ತುಂಬುವಾಗ ಅದು ಸರಿಯಾಗಿ ಕೂರುತ್ತದೆ. ಏಕೆಂದರೆ ಈ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಬಿಚ್ಚಿಕೊಳ್ಳಲು ಸ್ಥಳವಿಲ್ಲದಾಗ ಚರೆಯ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ತೋಟಾ ಹಾಕಿದ ಬಳಿಕ ನಳಿಗೆಯನ್ನು ಮೇಲೆತ್ತದೆ ಹಿಡಿಮರವನ್ನು ಮೇಲೆತ್ತಿ ಕೋವಿಯನ್ನು ಮುಚ್ಚಬೇಕು. ಆಗ ನಳಿಗೆಯ ಬಾಯಿ ನೆಲವನ್ನೇ ನೋಡುತ್ತಿರುತ್ತದೆ.

ಬೆಳೆಕಾವಲಿನ ಕೇಪಿನ ಕೋವಿಯಲ್ಲಿ ತೆರೆದು ನೋಡುವ ಅನುಕೂಲವೇ ಇಲ್ಲ. ಮದ್ದು, ಅಡಕು, ಚರೆ, ಮತ್ತೆ ಅಡಕು, ಎಲ್ಲವೂ ಬಾಯಿಯಿಂದ. ಕೇಪು ಮಾತ್ರ ಕಟ್ಟಕಡೆಗೆ. ಮೊದಲೇ ತುಂಬಿದ್ದುದನ್ನು ಮರೆತು ಮತ್ತೊಮ್ಮೆ ತುಂಬುವುದು ಇದರ ದೊಡ್ಡ ಅಪಾಯ. ಇದಕ್ಕೆ ಪರಿಹಾರ ಜಡಿಯುವ ಸಲಾಕೆಯಲ್ಲಿಯೇ ಇದೆ. ಬರಿದಾದ ನಳಿಗೆಗೆ ಸಲಾಕೆಯನ್ನಿಳಿಸಿ, ಬಾಯಿಯ ಮಟ್ಟಕ್ಕೆ ಅದರ ಮೇಲೆ ಒಂದು ಗೆರೆ ಕೊರೆಯಬೇಕು. ಒಂದು ಈಡು ತುಂಬಿದ ಬಳಿಕ ಇನ್ನೊಂದು. ಕತ್ತಲಲ್ಲಿಯೂ ಉಗುರಿಗೆ ತಾಕುವಷ್ಟು ಆಳವಾಗಿ ಕೊರೆದರೆ ಸಾಕು. ಸಲಾಕೆ ಇಳಿಸುವಾಗ ಕೇಪು ತೆಗೆದಿರಬೇಕು, ಮುಖವನ್ನು ನಳಿಗೆಯ ನೇರದಿಂದ ಪಕ್ಕಕ್ಕೆ ಹಿಡಿದಿರಬೇಕು. ಬೆಳಗಾದ ಮೇಲೆ ತೋಟಾ ಕೋವಿಯವನು ಎರಡು ತೋಟಾಗಳನ್ನು ಹೊರತೆಗೆದು ಜೇಬಿಗಿಳಿಸಿ ಮನೆಗೆ ಹೋಗುತ್ತಾನೆ. ಕೇಪಿನ ಕೋವಿಯವನಿಗೆ ಆ ಸೌಲಭ್ಯವಿಲ್ಲ. ಅವನು ಕೇಪು ಕಿತ್ತರೂ ಮದ್ದು ಒಳಗೆಯೇ ಉಳಿಯುತ್ತದೆ. ಆದುದರಿಂದ ಅಂತಹ ಕೋವಿಯನ್ನು ಗೋಡೆಗೆ ತೂಗುಹಾಕುವ ಮೊದಲು ಸಲಾಕೆಯನ್ನು ಇನ್ನೊಮ್ಮೆ ಇಳಿಸಿ, ಬಾಯಿಯ ಮಟ್ಟಕ್ಕೆ ಯಾವ ಗೆರೆ ಬಂದಿದೆಯೆಂದು ನೋಡಬೇಕು.