ನಾಯಿಗೂ ಅಂಗಸಾಧನೆ

ನಾಯಿಗೂ ಅಂಗಸಾಧನೆ ಬೇಕೆ ಎಂದು ತಾವು ನಕ್ಕರೆ ಆಶ್ಚರ್ಯವಿಲ್ಲ. ಬೆಕ್ಕು ಕಂಡೊಡನೆ ಗೋಡೆ ಹಾರುವ ಪ್ರಾಣಿಗೆ ಗರಡಿಮನೆಯ ಪಾಠವೇಕೆ? ಆರೋಗ್ಯವಾಗಿರುವ ನಾಯಿಯ ಮಟ್ಟಿಗೆ ಆ ನಗು ಸರಿಯಾದುದೇ. ಆದರೆ ನಾನಿಲ್ಲಿ ಹೇಳಹೊರಟಿರುವುದು ಕಾಲು ಮುರಿದು ಕೂಡಿದ, ಕೀಲಿನ ಶಸ್ತ್ರಚಿಕಿತ್ಸೆಯಾದ, ಇಲ್ಲವೆ ಮುಪ್ಪಿನಿಂದ ಹಿಂಗಾಲು ಸೋತ ನಾಯಿಯ ವಿಷಯ. ಅಂಥ ನಾಯಿಗೆ ವೈದ್ಯರ ಚಿಕಿತ್ಸೆ ಮುಗಿದ ದಿನವೇ ಇನ್ನೊಂದು ಕೆಲಸ ಆರಂಭವಾಗುತ್ತದೆ. ಅದು ಬಹುಮಟ್ಟಿಗೆ ಮನೆಯವರ ಕೆಲಸ.

ವಿಜಯಪುರದ ಬದಿಯ ಭೂತನಾಳ, ಅಲ್ಲಿಂದಾಚೆಗೆ ತಿಕೋಟಾ, ಬಬಲೇಶ್ವರ, ಇವುಗಳ ಸುತ್ತಿನ ತೋಟದ ವಸ್ತಿಗಳಲ್ಲಿ ನಾಯಿಯೆಂದರೆ ಕೇವಲ ಅಕ್ಕರೆಯ ವಸ್ತುವಲ್ಲ. ಹೊಲ ಕಾಯುವ ಆಳು. ಮುಧೋಳ ತಳಿಯ ನಾಯಿಗಂತೂ ಈ ಸೀಮೆಯಲ್ಲಿ ಬಹಳ ಗೌರವ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಮುಧೋಳ ವಿಜಯಪುರ ಜಿಲ್ಲೆಯದೇ ಊರು. 2005ರಲ್ಲಿ ಈ ತಳಿಯ ಚಿತ್ರ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ನಾಯಿಯ ಶರೀರವೆಲ್ಲ ಓಟಕ್ಕಾಗಿಯೇ ರೂಪುಗೊಂಡದ್ದು. ನಾಗಾಲೋಟದ ಒಂದೊಂದು ಸುತ್ತಿನಲ್ಲೂ ಎರಡು ಸಲ ಅದರ ನಾಲ್ಕೂ ಪಾದಗಳು ನೆಲ ಬಿಟ್ಟಿರುತ್ತವೆ: ಮೈ ಮುದುಡಿಕೊಂಡಾಗ ಒಮ್ಮೆ, ನೀಳವಾಗಿ ಚಾಚಿದಾಗ ಒಮ್ಮೆ. ಇಂಥ ಪ್ರಾಣಿ ವಾಹನಕ್ಕೆ ಸಿಕ್ಕೋ ಕಲ್ಲುನೆಲದಲ್ಲಿ ಕಾಲು ಹೊರಳಿಯೋ ಕುಂಟಾದರೆ ಅದರ ಬಾಳು ಅಲ್ಲಿಗೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಓಡಲಾರದ ಕಾವಲುನಾಯಿ ಊರಂಚಿನ ಬೀದಿನಾಯಿಯಾಗಲು ಬಹಳ ದಿನ ಬೇಕಾಗುವುದಿಲ್ಲ.

ಆ ಭಾಗದ ಹಿರಿಯ ರೈತರೊಬ್ಬರು ನನಗೊಮ್ಮೆ ಹೇಳಿದರು: “ಎಲುಬು ಕೂಡೇತ್ರಿ, ಆದ್ರ ನಾಯಿ ಕಾಲ ನಂಬವಲ್ದು.” ಶಾಸ್ತ್ರ ಹೇಳುವುದೂ ಇದನ್ನೇ. ನಿಂತಿರುವ ನಾಯಿಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಇರುತ್ತದೆ. ಆದ್ದರಿಂದ ಒಂದು ಹಿಂಗಾಲು ನೊಂದರೆ ಅದನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಸಾಗುವುದು ಅದಕ್ಕೆ ಕಷ್ಟವೇನಲ್ಲ. ನೋವು ಹೋದರೂ ಈ ಅಭ್ಯಾಸ ಹೋಗುವುದಿಲ್ಲ. ಅಷ್ಟರಲ್ಲಿ ದುಡಿಮೆಯಿಲ್ಲದ ತೊಡೆಯ ಮಾಂಸಖಂಡ ಕರಗಿರುತ್ತದೆ. ಕೀಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಅದರೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಆಡದ ಕೀಲು ಬಿಗಿಯುತ್ತದೆ. ಹೀಗೆ ನೋವಿನಿಂದ ಹುಟ್ಟಿದ ಕುಂಟು ಕೊನೆಗೆ ದುರ್ಬಲತೆಯ ಕುಂಟಾಗಿ ನಿಲ್ಲುತ್ತದೆ. ವಿಶ್ರಾಂತಿಯಿಂದ ಗಾಯ ಮಾಯುತ್ತದೆ, ಬಲ ಬರುವುದಿಲ್ಲ. ಹಾಗೆಂದು ನಾಯಿಯನ್ನು ಬಿಚ್ಚಿಬಿಟ್ಟರೆ ಅದು ಓಡುವುದು ಮೂರೇ ಕಾಲಿನಲ್ಲಿ.

ಮನುಷ್ಯರ ಅಂಗಸಾಧನಾ ಚಿಕಿತ್ಸೆಯನ್ನು ನಾಯಿಗೂ ಹೊಂದಿಸುವ ವಿದ್ಯೆ ಕಳೆದ ಕೆಲವು ದಶಕಗಳಲ್ಲಿ ಬೆಳೆದುಬಂದಿದೆ. ಮಿಲಿಸ್, ಲೆವೈನ್ ಮತ್ತು ಟೇಲರ್ ಸಂಪಾದಿಸಿದ ಪಠ್ಯಗ್ರಂಥ 2004ರಲ್ಲಿ ಹೊರಬಂದಿತು. ಬೆಲೆಬಾಳುವ ಯಂತ್ರಗಳೂ ಬಂದಿವೆ. ಆದರೆ ಈ ವಿದ್ಯೆಯ ಮೂಲಾಂಶಗಳಿಗೆ ಯಂತ್ರ ಬೇಡ. ಎಲುಬು ಭಾರ ಹೊರುವಷ್ಟು ಕೂಡಿದೆಯೆಂದು ಪಶುವೈದ್ಯರು ಹೇಳಿದ ಮೇಲೆ ಅಂಗಳದಲ್ಲಿಯೇ ಆರಂಭಿಸಬಹುದು.

ಮೊದಲನೆಯದು ಕೀಲು ಸಡಿಲಿಸುವುದು. ನೊಂದ ಕಾಲು ಮೇಲಾಗುವಂತೆ ನಾಯಿಯನ್ನು ಕೌದಿಯ ಮೇಲೆ ಮಲಗಿಸಿ, ಒಂದೊಂದೇ ಕೀಲನ್ನು ಮೆಲ್ಲಗೆ ಮಡಿಚಿ ಬಿಡಿಸಬೇಕು. ಒಂದು ಸಲಕ್ಕೆ ಹತ್ತರಿಂದ ಹದಿನೈದು ಬಾರಿ, ದಿನಕ್ಕೆ ಎರಡು ಮೂರು ಸಲ ಸಾಕು. ನಾಯಿ ಕತ್ತು ತಿರುಗಿಸಿ ನಿಮ್ಮ ಕೈಯನ್ನು ನೋಡಿದರೆ ಅದೇ ಗಡಿ, ಅಲ್ಲಿಂದಾಚೆಗೆ ಒತ್ತಬಾರದು.

ಎರಡನೆಯದು ಭಾರ ಹೊರಿಸುವುದು. ನಾಯಿ ನಾಲ್ಕೂ ಕಾಲಿನ ಮೇಲೆ ನಿಂತಿರುವಾಗ ಸೊಂಟದ ಎರಡೂ ಬದಿಗೆ ಕೈಯಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಗುರವಾಗಿ ತೂಗಬೇಕು. ಬೀಳದಿರಲೆಂದು ಅದು ತಾನಾಗಿಯೇ ನೊಂದ ಕಾಲನ್ನು ಊರುತ್ತದೆ. ನುಣುಪಾದ ಫರಸಿಯ ಮೇಲೆ ಇದನ್ನು ಮಾಡಬಾರದು. ಗೋಣಿಚೀಲ ಹಾಸಿದರೆ ಕಾಲು ಜಾರದು.

ಮೂರನೆಯದು ನಡಿಗೆ. ಇಲ್ಲಿ ನಿಧಾನವೇ ಔಷಧ. ವೇಗವಾಗಿ ಹೋಗುವ ನಾಯಿ ಕಾಲೆತ್ತಿಕೊಂಡು ಕುಪ್ಪಳಿಸುತ್ತದೆ. ಬಹಳ ನಿಧಾನವಾಗಿ ನಡೆಸಿದರೆ ಪ್ರತಿ ಪಾದವನ್ನೂ ಊರದೆ ಅದಕ್ಕೆ ಗತ್ಯಂತರವಿಲ್ಲ. ಗಿಡ್ಡ ಹಗ್ಗ ಹಿಡಿದು ಐದು ನಿಮಿಷದಿಂದ ಆರಂಭಿಸಿ, ವಾರಕ್ಕಿಷ್ಟೆಂದು ಹೆಚ್ಚಿಸುತ್ತ ಹೋಗಬೇಕು. ನಡಿಗೆ ಹದಕ್ಕೆ ಬಂದ ಮೇಲೆ ಇಳುಕಲು ನೆಲ ಹುಡುಕಬಹುದು. ಏರುವಾಗ ಭಾರ ಹಿಂಗಾಲುಗಳಿಗೆ ಸರಿಯುತ್ತದೆ, ಇಳಿಯುವಾಗ ಮುಂಗಾಲುಗಳಿಗೆ. ಬಲ ಬೇಕಾದದ್ದು ಯಾವ ಕಾಲಿಗೋ ಅದಕ್ಕೆ ತಕ್ಕ ದಿಕ್ಕನ್ನು ಆರಿಸಿಕೊಳ್ಳಬೇಕು.

ನಾಲ್ಕನೆಯದು ದಾಟುವುದು. ಕುದುರೆಗಳ ತಾಲೀಮಿನಿಂದ ಬಂದ ಪದ್ಧತಿಯಿದು. ಸಾಲಾಗಿ ಅಡ್ಡಗೋಲುಗಳನ್ನಿಟ್ಟು ನಾಯಿಯನ್ನು ಅವುಗಳ ಮೇಲೆ ಒಂದೊಂದೇ ಹೆಜ್ಜೆಯಲ್ಲಿ ದಾಟಿಸಬೇಕು. ಜೋಳದ ಸೀಮೆಯವರು ಇದಕ್ಕೆಂದು ಏನನ್ನೂ ಕೊಳ್ಳಬೇಕಾಗಿಲ್ಲ. ಒಣಗಿದ ದಂಟುಗಳೇ ಸಾಕು. ಕಾಲು ತಗಲಿದರೆ ದಂಟು ಉರುಳುತ್ತದೆ, ಪೆಟ್ಟಾಗುವುದಿಲ್ಲ. ದಾಟುವಾಗ ನಾಯಿ ಕೀಲುಗಳನ್ನು ಮಡಿಚಲೇಬೇಕು, ಪಾದ ಎಲ್ಲಿಡುವೆನೆಂದು ಗಮನಿಸಲೇಬೇಕು. ಕುಳಿತು ಏಳಿಸುವುದೂ ಹಿಂಗಾಲಿಗೆ ಒಳ್ಳೆಯ ಸಾಧನೆಯೇ. ಆದರೆ ನೀಳಕಾಲಿನ ಬೇಟೆನಾಯಿಗಳಲ್ಲಿ ಕೆಲವಕ್ಕೆ ಕೂರುವುದೇ ಒಗ್ಗದು. ಅವನ್ನು ಬಲವಂತ ಮಾಡಬಾರದು.

ಇನ್ನು ನೀರಿನ ಮಾತು. ನೀರು ಭಾರವನ್ನು ತಾನು ಹೊತ್ತು ಕೀಲಿಗೆ ಬಿಡುವು ಕೊಡುತ್ತದೆ. ಅಳತೆ ಮಾಡಿ ನೋಡಿದವರ ಪ್ರಕಾರ, ನೀರು ಹಿಮ್ಮಡಿ ಕೀಲಿನ ಮಟ್ಟಕ್ಕಿದ್ದಾಗ ಕಾಲುಗಳು ಹೊರುವುದು ದೇಹಭಾರದ ನೂರಕ್ಕೆ ಸುಮಾರು 91 ಪಾಲು, ಮೊಣಕಾಲಿನ ಮಟ್ಟಕ್ಕಿದ್ದಾಗ 85, ಸೊಂಟದ ಕೀಲಿನ ಮಟ್ಟಕ್ಕೆ ಬಂದಾಗ 38 ಮಾತ್ರ. ನೀರಿನೊಳಗೆ ನಡೆಸುವ ಯಂತ್ರಗಳ ತತ್ತ್ವ ಇದೇ. ಹಾಗೆಂದು ಭೂತನಾಳ ಕೆರೆಗೆ ನಾಯಿಯನ್ನು ಇಳಿಸಿರೆಂದು ನಾನು ಹೇಳಲಾರೆ. ಅದು ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ. ದ್ರಾಕ್ಷಿ ತೋಟಗಳ ಕೃಷಿಹೊಂಡವಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಹಾಸಿದ ಅದರ ಇಳುಕಲು ದಡದಲ್ಲಿ ಉಗುರು ನಾಟುವುದಿಲ್ಲ. ಗಟ್ಟಿಮುಟ್ಟಾದ ನಾಯಿಯೂ ಹತ್ತಿ ಬರಲಾರದೆ ಮುಳುಗಬಹುದು. ತಳ ಜಾರದ, ಆಳ ಗೊತ್ತಿರುವ ತೊಟ್ಟಿಯಲ್ಲಿ, ಮಗ್ಗುಲಲ್ಲಿಯೇ ಒಬ್ಬರು ನಿಂತು ನಡೆಸುವುದಾದರೆ ಮಾತ್ರ ನೀರಿನ ಸಾಧನೆ. ಅದೂ ಗಾಯದ ಹೊಲಿಗೆ ಪೂರ್ತಿ ಮಾಯ್ದ ಮೇಲೆ.

ಅತಿಯಾದ ಅಕ್ಕರೆಯೂ ಇಲ್ಲಿ ಕೇಡು ಮಾಡೀತು. ಬೇಗ ಗುಣವಾಗಲೆಂದು ಒಂದೇ ದಿನ ಹೆಚ್ಚು ನಡೆಸಿದರೆ ಸಂಜೆಗೋ ಮರುದಿನ ಬೆಳಿಗ್ಗೆಯೋ ಕುಂಟು ಹೆಚ್ಚುತ್ತದೆ, ಕೀಲು ಊದುತ್ತದೆ, ನಾಯಿ ಆ ಜಾಗವನ್ನೇ ನೆಕ್ಕುತ್ತ ಕೂರುತ್ತದೆ. ಆಗ ಹಿಂದಿನ ಅಳತೆಗೆ ಇಳಿಯಬೇಕು. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ನಮ್ಮ ನೋವಿನ ಮಾತ್ರೆಗಳನ್ನು ಮಾತ್ರ ನುಂಗಿಸಕೂಡದು. ಐಬುಪ್ರೊಫೇನ್, ಪ್ಯಾರಾಸಿಟಮಾಲ್‌ನಂಥವು ನಾಯಿಗೆ ವಿಷವಾಗಬಲ್ಲವು. ನಾಯಿ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ, ಏದುಸಿರು ಬಿಟ್ಟು ತಣಿಯುವಂಥದು. ವಿಜಯಪುರದ ಬೇಸಗೆಯಲ್ಲಿ ಹೊತ್ತು ಮೂಡುವ ಮುನ್ನ ಅಥವಾ ಮುಳುಗಿದ ಮೇಲೆಯೇ ಸಾಧನೆ ನಡೆಯಬೇಕು.

ಬೆನ್ನುಹುರಿ ಪೂರ್ತಿ ಕಡಿದುಹೋದ ನಾಯಿಯನ್ನು ಈ ಕ್ರಮ ಓಡಿಸಲಾರದು. ಮುಪ್ಪನ್ನೂ ಹಿಂದಕ್ಕೆ ತಿರುಗಿಸಲಾರದು. ಆದರೆ ಎಲುಬು ಕೂಡಿದ ನಾಯಿಯೊಂದು ಕಾಲೆತ್ತಿಕೊಂಡೇ ತಿರುಗುತ್ತಿದ್ದರೆ, ಇದು ಹೀಗೆಯೇ ಎಂದು ಕೈಬಿಡುವ ಮೊದಲು ಒಂದು ದರ್ಜಿಯ ಟೇಪು ತೆಗೆದುಕೊಳ್ಳಿ. ಎರಡೂ ತೊಡೆಗಳನ್ನು ಒಂದೇ ಎತ್ತರದಲ್ಲಿ ಸುತ್ತಳತೆ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ವಾರಕ್ಕೊಮ್ಮೆ ಅದೇ ಅಳತೆ, ದಿನಕ್ಕೆರಡು ಬಾರಿ ಹತ್ತು ಹದಿನೈದು ನಿಮಿಷದ ಸಾಧನೆ, ಹೀಗೆ ಎರಡು ಮೂರು ತಿಂಗಳು ನಡೆಯಲಿ. ಶಾಲೆಗೆ ಹೋಗುವ ಹುಡುಗರೂ ಇದನ್ನು ಹಿರಿಯರ ಕಣ್ಣೆದುರಿನಲ್ಲಿ ಮಾಡಬಲ್ಲರು. ಬತ್ತಿದ ತೊಡೆಯ ಅಂಕಿ ಇನ್ನೊಂದರ ಸಮೀಪಕ್ಕೆ ಬರುತ್ತಿದೆಯೇ ಎಂಬುದನ್ನು ನೋಡಿ, ಆ ಮೇಲೆ ನಾಯಿಯ ಗತಿಯನ್ನು ತೀರ್ಮಾನಿಸಿ.