ಬುತ್ತಿ ಬಿಚ್ಚುವ ಹೊತ್ತು

ನವಲಗುಂದದ ಎರೆಹೊಲ. ಹಿಂಗಾರಿ ಬಿತ್ತನೆಗೆ ಮುಂಚೆ ಎತ್ತು ಹೂಡಿ ಕುಂಟೆ ಹೊಡೆಯುತ್ತಿದ್ದಾರೆ. ಕುಂಟೆಯ ಹಿಂದೆ ಗೋವಕ್ಕಿಗಳ ಸಾಲು, ಎತ್ತಿನ ಬೆನ್ನ ಮೇಲೊಂದು ಕಾಜಾಣ. ಮಣ್ಣು ಎದ್ದಂತೆ ಮಿಡತೆ ಹಾರುತ್ತದೆ. ನೆಲದಲ್ಲಿ ಉಳಿದದ್ದು ಗೋವಕ್ಕಿಗೆ, ಗಾಳಿಗೇರಿದ್ದು ಕಾಜಾಣಕ್ಕೆ.

ಸೂರ್ಯ ನೆತ್ತಿಗೆ ಬಂದಾಗ ಬುತ್ತಿ ಬಂತು. ಕೊಳ್ಳು ಹರಿದು ಎತ್ತುಗಳನ್ನು ಬೇವಿನ ನೆರಳಿಗೆ ಕಟ್ಟಿದರು. "ಬರ್ರೀ, ಒಂದ್ ರೊಟ್ಟಿ ಮುರೀರಿ" ಎಂದರು ಅಜ್ಜ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಇಂಥ ಕರೆಗೆ ಇಲ್ಲವೆನ್ನುವ ಪಕ್ಷಿವೀಕ್ಷಕನನ್ನು ನಾನಿನ್ನೂ ಕಂಡಿಲ್ಲ.

ಎತ್ತುಗಳೂ ಊಟಕ್ಕೆ ಕೂತಿದ್ದವು, ಬೆಳಗಿನ ಕಣಿಕೆಯನ್ನೇ ಎರಡನೇ ಸಲ ಉಣ್ಣಲು. ಕೊರಳಿನ ಎಡಮಗ್ಗುಲನ್ನೇ ದಿಟ್ಟಿಸಿದರೆ ಮೇವಿನ ಉಂಡೆಯೊಂದು ಚರ್ಮದಡಿಯಲ್ಲಿ ಸರ್ರನೆ ಮೇಲೇರುವುದು ಕಾಣುತ್ತದೆ. ಕೆಳದವಡೆ ಅಡ್ಡಡ್ಡ ಹೊರಳುತ್ತದೆ. ಒಂದು ಉಂಡೆಗೆ ಸುಮಾರು 40ರಿಂದ 60 ಸಲ. ನುಂಗಿದ ಮೇಲೆ ನಾಲ್ಕಾರು ಸೆಕೆಂಡು ದವಡೆ ನಿಶ್ಚಲ, ಮತ್ತೆ ಇನ್ನೊಂದು ಉಂಡೆ. ಕಾಗೆಯೊಂದು ಬಂದು ಕಿವಿಯ ಸಂದಿಯಲ್ಲಿ ಉಣ್ಣಿ ಹೆಕ್ಕಿತು. ಎತ್ತು ತಲೆ ಕೊಡವಲಿಲ್ಲ, ಮೆಲುಕೂ ನಿಲ್ಲಲಿಲ್ಲ.

ಕಾಜಾಣ ಬೇವಿನ ಒಳಗೊಂಬೆಗೆ ಸೇರಿ ಕೊಕ್ಕು ತೆರೆದು ಕೂತಿತ್ತು. ಹಕ್ಕಿಗೆ ಬೆವರಿಲ್ಲ, ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಹದ್ದಿನ ಲೆಕ್ಕ ಬೇರೆ. ಬೆಳಗಿನ ತಂಪಿನಲ್ಲಿ ಕರೆಂಟಿನ ಕಂಬದ ಮೇಲೆ ಮುದುಡಿದ್ದದ್ದು, ಕಾದ ಎರೆಮಣ್ಣಿನಿಂದ ಬಿಸಿಗಾಳಿ ಏಳತೊಡಗಿದ ಮೇಲೆ ರೆಕ್ಕೆ ಬಡಿಯದೆ ಸುತ್ತು ಸುತ್ತಿ ಮೇಲೇರಿತ್ತು. ನಮಗೆ ವಿಶ್ರಾಂತಿಯ ಹೊತ್ತು, ಅದಕ್ಕೆ ದುಡಿಮೆಯದು.

ಗೋವಕ್ಕಿಗಳು? ಒಂದು ಮಾತ್ರ ಮಲಗಿದ ಎತ್ತನ್ನು ಸುತ್ತು ಹಾಕಿ, ಬಾಲಕ್ಕೆ ಬಂದ ನೊಣಗಳಿಗೆ ಎರಡು ಸಲ ಕೊಕ್ಕು ಹಾಕಿತು. ಕೆಲವು ಮಲಪ್ರಭಾ ಕಾಲುವೆಯ ದಂಡೆಯಲ್ಲಿ ಒಂಟಿಗಾಲಲ್ಲಿ ನಿಂತವು. ಬಿಸಿಲಿಗೆ ಸೋತಿವೆ ಎಂದು ಬರೆದುಕೊಳ್ಳಬಹುದಿತ್ತು. ಆದರೆ ಹೆಚ್ಚಿನವು ಬದು ದಾಟಿ ಪಕ್ಕದ ಹೊಲಕ್ಕಿಳಿದಿದ್ದವು. ಅಲ್ಲಿ ಟ್ರ್ಯಾಕ್ಟರ್ ಓಡುತ್ತಲೇ ಇತ್ತು. ಇಬ್ಬರು ಚಾಲಕರು ಸರದಿಯ ಮೇಲೆ ಉಣ್ಣುತ್ತಿದ್ದರು. ಹೊಗೆಗೂ ಸದ್ದಿಗೂ ಅಂಜದೆ ಗೋವಕ್ಕಿಗಳು ಟಿಲ್ಲರಿನ ಹಿಂದೆಯೇ ಓಡುತ್ತಿದ್ದವು, ಅದೇ ಬಿಸಿಲಲ್ಲಿ.