ರೆಕ್ಟಿಫೈಯರ್ ವಾಲ್ವ್ ಬದಲಿಸುವ ಮುನ್ನ

ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ: ರೆಕ್ಟಿಫೈಯರ್ ವಾಲ್ವ್ ತೆಗೆದು ಹಳೇ ಕಾಲದ್ದೊಂದು ಹಾಕಿದರೆ ದನಿ ಇನ್ನೂ ಹಿತವಾದೀತೇ? ಆಗಬಹುದು. ಆದರೆ ನೆನಪಿಡಿ, ಈ ವಾಲ್ವ್‌ನೊಳಗೆ ಹಾಡು ಹರಿಯುವುದಿಲ್ಲ, ಹರಿಯುವುದು ಕರೆಂಟು ಮಾತ್ರ. ಹಾಗಾಗಿ ಕಿವಿಗಿಂತ ಮೊದಲು ಮೀಟರಿನ ಮಾತು ಕೇಳಬೇಕು.

ಇದರ ಕೆಲಸ ಸರಳ. ಟ್ರಾನ್ಸ್‌ಫಾರ್ಮರ್ ಕೊಡುವ ಎಸಿಯನ್ನು ಡಿಸಿ ಮಾಡುತ್ತದೆ. ಆ ಡಿಸಿ ಸಾಮಾನ್ಯವಾಗಿ 300ರಿಂದ 450 ವೋಲ್ಟ್ ಇರುತ್ತದೆ. ಇದನ್ನೇ ಎಚ್‌ಟಿ ಎನ್ನುವುದು. ಈ ಕೆಲಸದಲ್ಲಿ ಒಂದಿಷ್ಟು ವೋಲ್ಟೇಜನ್ನು ವಾಲ್ವ್ ತಾನೇ ನುಂಗುತ್ತದೆ. ಎಷ್ಟು ನುಂಗುತ್ತದೆ ಎಂಬುದರಲ್ಲೇ ಒಂದು ನಮೂನೆಗೂ ಇನ್ನೊಂದಕ್ಕೂ ಇರುವ ಮುಖ್ಯ ವ್ಯತ್ಯಾಸ. ಜಿಝಡ್34, ಅಮೆರಿಕದ ಹೆಸರಿನಲ್ಲಿ 5ಎಆರ್4, 225 ಮಿಲಿಆಂಪ್ ಹರಿಯುವಾಗ ಸುಮಾರು 17 ವೋಲ್ಟ್ ಮಾತ್ರ ಕಳೆಯುತ್ತದೆ. ಅಷ್ಟೇ ಕರೆಂಟಿಗೆ 5ಯು4 ಕಳೆಯುವುದು 45 ವೋಲ್ಟ್‌ನ ಆಸುಪಾಸು. 5ವೈ3 ಅಂತೂ 125 ಮಿಲಿಆಂಪ್‌ಗೇ ಐವತ್ತು ವೋಲ್ಟ್ ದಾಟುತ್ತದೆ. ಗಿಟಾರ್ ಜೋರಾಗಿ ಮೀಟಿದಾಗ ವೋಲ್ಟೇಜ್ ಕುಸಿದು ನಾದ ತುಸು ಮೆತ್ತಗಾಗುತ್ತದಲ್ಲ, ಗಿಟಾರ್ ನುಡಿಸುವವರು ಅದನ್ನು ‘ಸ್ಯಾಗ್’ ಎನ್ನುತ್ತಾರೆ, ಇಷ್ಟಪಡುತ್ತಾರೆ. ಮನೆಯ ಹೈಫೈ ಸೆಟ್ಟಿನಲ್ಲಿ ಕರೆಂಟು ಅಷ್ಟು ಏರಿಳಿಯುವುದಿಲ್ಲ. ಅಲ್ಲಿ ವ್ಯತ್ಯಾಸ ಸಣ್ಣದು ಎಂದೇ ನನ್ನ ಅಭಿಪ್ರಾಯ.

ಎಲ್ಲದರ ಪಿನ್ನೂ ಒಂದೇ ಸಾಕೆಟ್ಟಿಗೆ ಕೂರುತ್ತದಲ್ಲ, ಹಾಕಿ ನೋಡಿದರೆ ತಪ್ಪೇನು ಎಂದು ನೀವು ಕೇಳಬಹುದು. ತಪ್ಪು ಅಲ್ಲೇ ಆಗುವುದು. ಮೊದಲು ಹೀಟರ್, ಅಂದರೆ ಒಳಗೆ ಕೆಂಪಗೆ ಕಾಯುವ ತಂತಿ, ಎಷ್ಟು ಕರೆಂಟು ಕೇಳುತ್ತದೆ ನೋಡಿ. ಎಲ್ಲಕ್ಕೂ 5 ವೋಲ್ಟೇ. ಆದರೆ ಜಿಝಡ್34 ಕೇಳುವುದು 1.9 ಆಂಪ್, 5ವೈ3 ಕೇಳುವುದು 2, 5ಯು4 ಕೇಳುವುದು 3. ಎರಡು ಆಂಪ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಮೇಲೆ 5ಯು4 ಹೇರಿದರೆ ಅದು ದಿನವೂ ಕಾದು ಕಾದು ಸುಟ್ಟುಹೋಗಬಹುದು. ವಾಲ್ವ್ ಮತ್ತೆ ಸಿಗುತ್ತದೆ, ಹಳೇ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ.

ಇದರ ತಿರುಗು ಅಪಾಯವೂ ಇದೆ. ಫೆಂಡರ್ ಚಾಂಪ್ ಎಂಬ ಗಿಟಾರ್ ಆಂಪ್ಲಿಫೈಯರ್‌ನ ಹಳೇ ಮಾದರಿಗಳಲ್ಲಿ 5ವೈ3 ಇರುತ್ತದೆ. ಅಲ್ಲಿ ಜಿಝಡ್34 ಹಾಕಿದರೆ ಎಚ್‌ಟಿ ಏರಿ, ಔಟ್‌ಪುಟ್ ವಾಲ್ವ್ ಮಿತಿಮೀರಿ ಕಾಯುತ್ತದೆ. 220 ವೋಲ್ಟ್‌ಗೆ ಮಾಡಿದ ಸೆಟ್ಟಾದರೆ ನಮ್ಮ ಮನೆಯ 230–240 ವೋಲ್ಟ್ ಇನ್ನಷ್ಟು ಏರಿಸುತ್ತದೆ. ಮೊದಲ ಫಿಲ್ಟರ್ ಕೆಪಾಸಿಟರನ್ನೂ ನೋಡಿ. ಜಿಝಡ್34ಕ್ಕೆ ಡೇಟಾಶೀಟ್ ಹೇಳುವ ಮಿತಿ 60 ಮೈಕ್ರೋಫ್ಯಾರಡ್. ಗುಂಯ್ ಎನ್ನುವ ಹಮ್ ಹೋಗಲಿ ಎಂದು ರಿಪೇರಿಯವರು 100 ಹಾಕಿದ್ದರೆ, ಸ್ವಿಚ್ ಒತ್ತಿದ ಕ್ಷಣ ವಾಲ್ವ್‌ನೊಳಗೆ ಕಿಡಿ ಹಾರಬಹುದು.

ಹಳೆಯದೇ ಬೇಕೆಂದರೆ ಹೆಚ್ಚು ಜನ ಹುಡುಕುವುದು ಇಂಗ್ಲೆಂಡಿನ ಬ್ಲಾಕ್‌ಬರ್ನ್ ಕಾರ್ಖಾನೆಯ ಮಲ್ಲಾರ್ಡ್ ಜಿಝಡ್34. ಮೇಲೆ ಅಚ್ಚಾದ ಹೆಸರನ್ನು ನಂಬಬೇಡಿ, ಒಬ್ಬರು ಮಾಡಿದ ಮಾಲಿನ ಮೇಲೆ ಇನ್ನೊಬ್ಬರು ಹೆಸರು ಒತ್ತುವುದು ಆ ಕಾಲದಲ್ಲಿ ಮಾಮೂಲಿ. ಗಾಜಿನ ಬುಡದಲ್ಲಿ, ಕರಿ ಬೇಸಿನ ಅಂಚಿಗೆ, ಬೂದುಬಣ್ಣದ ಸಣ್ಣ ಅಕ್ಷರಗಳಿರುತ್ತವೆ. ದೀಪಕ್ಕೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ಮೇಲಿನ ಸಾಲಿನಲ್ಲಿ ಎಫ್32, ಕೆಳಗೆ ಬಿ2ಎಫ್4 ಎಂದಿದ್ದರೆ, ಬಿ ಬ್ಲಾಕ್‌ಬರ್ನ್, 2 ಇಸವಿಯ ಕೊನೆಯ ಅಂಕಿ, ಎಫ್ ಆರನೇ ತಿಂಗಳು, 4 ನಾಲ್ಕನೇ ವಾರ. ಉಜ್ಜಿ ಒರೆಸಬೇಡಿ, ಅಳಿಸಿಹೋಗುತ್ತದೆ.

ಸ್ಲೊವಾಕಿಯಾದ ಜೆಜೆಯಂಥ ಹೊಸ ವಾಲ್ವ್ ವಿದೇಶದಲ್ಲಿ 30 ಡಾಲರ್ ಆಸುಪಾಸು. ಚೆನ್ನಾಗಿರುವ ಹಳೇ ಮಲ್ಲಾರ್ಡ್ ನೂರು ಡಾಲರ್ ದಾಟುತ್ತದೆ. ಸಾಗಣೆ, ಕಸ್ಟಮ್ಸ್ ಸುಂಕ ಬೇರೆ. ಪರೀಕ್ಷೆಯ ಅಂಕಿ ಕೊಡದವರಿಂದ ಕೊಳ್ಳಬೇಡಿ. ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು, ಹಾಗಾಗಿ ಹಳೇ ರೇಡಿಯೋ ಮೆಕ್ಯಾನಿಕ್‌ಗಳ ಡಬ್ಬಗಳಲ್ಲಿ ವಿಚಾರಿಸಿ ನೋಡುವುದು ಲೇಸು. ಇಝಡ್81 ಸಿಕ್ಕರೆ ಮಾತ್ರ ಇಲ್ಲಿಗೆ ಆಗದು. ಅದು ಒಂಬತ್ತು ಪಿನ್ನಿನದು, ಹೀಟರ್ 6.3 ವೋಲ್ಟ್‌ನದು.

ಬದಲಿಸುವಾಗ ಪ್ಲಗ್ ಕಿತ್ತು, ವಾಲ್ವ್ ತಣ್ಣಗಾಗುವವರೆಗೆ ಕಾಯಿರಿ. ಗಾಜು ಹಿಡಿದು ಎಳೆಯದೆ ಬೇಸ್ ಹಿಡಿದು ತೆಗೆಯಿರಿ. ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರುತ್ತದೆ, ಆದ್ದರಿಂದ ತಳದ ಮುಚ್ಚಳ ತೆಗೆದು ಅಳೆಯುವ ಕೆಲಸ ತಿಳಿದ ಮೆಕ್ಯಾನಿಕ್‌ಗೇ ಇರಲಿ. ಹೊಸದು ಹಾಕಿದ ಮೇಲೆ ಎಚ್‌ಟಿ ಎಷ್ಟಿದೆ ಎಂದು ಅವರಿಂದ ಅಳೆಯಿಸಿ, ಔಟ್‌ಪುಟ್ ವಾಲ್ವ್‌ಗಳ ಬಯಾಸ್, ಅಂದರೆ ಸುಮ್ಮನಿದ್ದಾಗ ಹರಿಯುವ ಕರೆಂಟು, ಮತ್ತೆ ಹೊಂದಿಸಿ. ಮೊದಲ ಹತ್ತು ನಿಮಿಷ ಕೋಣೆಯ ದೀಪ ಆರಿಸಿ ಪಕ್ಕದಲ್ಲೇ ಕೂತು ನೋಡುತ್ತಿರಿ. ವಾಲ್ವ್‌ನೊಳಗಿನ ಬೂದುಬಣ್ಣದ ಪ್ಲೇಟು ಕೆಂಪಗಾದರೆ ತಕ್ಷಣ ಆಫ್ ಮಾಡಿ, ಹಳೇ ವಾಲ್ವನ್ನೇ ಮತ್ತೆ ಹಾಕಿಸಿ.